ಎಫ್2 ಝೂಮ್: ಬೆಳಕಿನ ಲಾಭ, 28ರ ಮಿತಿ
ಸೋನಿಯ 28-70 ಎಂಎಂ ಎಫ್2 ಜಿ ಮಾಸ್ಟರ್ ಝೂಮ್ ಲೆನ್ಸಿನ ಮೊದಲ ಅನುಭವದ ಬಗೆಗಿನ ಲೇಖನದಲ್ಲಿ ಲೇಖಕರು ಅದನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಇದು ಬಂದ ಮೇಲೆ ಪ್ರೈಮ್ ಲೆನ್ಸುಗಳ (ಝೂಮ್ ಇಲ್ಲದ, ಒಂದೇ ಎಂಎಂ ಅಳತೆಯ ಲೆನ್ಸುಗಳ) ಅಗತ್ಯವೇ ಇಲ್ಲ ಎಂಬ ಅವರ ಮಾತನ್ನು ಒಪ್ಪುವುದು ಕಷ್ಟ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಎಫ್2.8ಕ್ಕಿಂತ ಎಫ್2ರಲ್ಲಿ ಸರಿಸುಮಾರು ಎರಡರಷ್ಟು ಬೆಳಕು ಸೆನ್ಸರನ್ನು ತಲುಪುವುದರಿಂದ, ಮಂದ ಬೆಳಕಿನ ಕಲ್ಯಾಣ ಮಂಟಪದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400 ಬೇಕಾಗುತ್ತಿದ್ದ ಕಡೆ ಶಟರ್ ವೇಗವನ್ನು ಬದಲಿಸದೆಯೇ 3200 ಸಾಕಾಗುತ್ತದೆ ಎಂಬುದೇನೋ ನಿಜ. ಎಫ್1.4ರ 50 ಎಂಎಂ ಪ್ರೈಮ್ ಅದರ ಮೇಲೂ ಇನ್ನೊಂದು ಸ್ಟಾಪ್, ಅಂದರೆ ಮತ್ತೆ ಎರಡರಷ್ಟು ಬೆಳಕು ಕೊಡುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ತೂಕ. ಕ್ಯಾನನ್ 2018ರಲ್ಲಿ ತಂದ ಇದೇ ಅಳತೆಯ ಲೆನ್ಸ್ 1430 ಗ್ರಾಂ ಇದ್ದರೆ ಇದು 918 ಗ್ರಾಂ. ಮುಹೂರ್ತದಿಂದ ಆರತಕ್ಷತೆಯವರೆಗೆ ಕ್ಯಾಮೆರಾ ಹೊತ್ತವರಿಗೆ ಆ ಅರ್ಧ ಕಿಲೋ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 70 ಎಂಎಂನಲ್ಲಿ ಹತ್ತಿರ ನಿಂತು ಮದುಮಗಳ ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯ ಜುಮುಕಿಯೇ ಮಸುಕಾಗುವಷ್ಟು ಫೋಕಸಿನ ಆಳ ಕಡಿಮೆ, ಹಾಗಾಗಿ ಗುಂಪುಚಿತ್ರಕ್ಕೆ ಕಿಂಡಿಯನ್ನು ಎಫ್5.6ಕ್ಕೆ ಕಿರಿದಾಗಿಸಲೇಬೇಕು, ಆಗ ದುಬಾರಿ ಎಫ್2ಕ್ಕೆ ಕೆಲಸವಿಲ್ಲ. ಅಗಲದ ತುದಿ 28ಕ್ಕೇ ನಿಲ್ಲುವುದನ್ನಂತೂ ಲೇಖನ ಪ್ರಸ್ತಾಪಿಸಿಯೇ ಇಲ್ಲ. ಇನ್ನೂ ಅಗಲವಾದ ದೃಶ್ಯ ಹಿಡಿಯುವ 24-70 ಎಂಎಂ ಲೆನ್ಸಿಗೆ ಒಗ್ಗಿಕೊಂಡವರು ಇಕ್ಕಟ್ಟಾದ ಮಂಟಪದಲ್ಲಿ ಹಿಂದೆ ಸರಿಯಲು ಜಾಗ ಹುಡುಕಬೇಕಾಗುತ್ತದೆ.