ಹಾಸ್ಪಿಸ್‌ ಆರೈಕೆ ಎಂದರೆ ಸಾವನ್ನು ಬೇಗ ತರುವುದಲ್ಲ: ಸ್ಪಷ್ಟನೆ

‘ಹಾಸ್ಪಿಸ್‌ಗೆ ಸೇರಿಸಿದರೆ ಔಷಧ ನಿಲ್ಲಿಸಿ, ಮಾರ್ಫಿನ್ ಕೊಟ್ಟು ಬೇಗ ಮುಗಿಸಿಬಿಡುತ್ತಾರೆ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು, ನರಳುವವರನ್ನು ಇನ್ನಷ್ಟು ನರಳಿಸುವ ಸುಳ್ಳು.

ಹಾಸ್ಪಿಸ್ ಎಂದರೆ ಗುಣವಾಗದ ಹಂತ ತಲುಪಿದ ರೋಗಿಗಳ ನರಳಾಟ ತಗ್ಗಿಸಿ ಆರೈಕೆ ಮಾಡುವ ಕೇಂದ್ರ. ಅಲ್ಲಿ ನಿಲ್ಲುವುದು ಫಲ ಕೊಡದ ಚಿಕಿತ್ಸೆ ಮಾತ್ರ. ನೋವು, ಉಬ್ಬಸ, ವಾಂತಿಗೆ ಔಷಧ ಮುಂದುವರಿಯುತ್ತದೆ. ತೀವ್ರ ನೋವಿಗೆ ಕೊಡುವ ಔಷಧವಾದ ಮಾರ್ಫಿನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಆರಂಭಿಸಿ, ನೋವು ನೋಡಿಕೊಂಡು ಹೆಚ್ಚಿಸುತ್ತಾರೆ. ಮಲಬದ್ಧತೆಯಾಗದಂತೆ ಜತೆಗೇ ಇನ್ನೊಂದು ಔಷಧವಿರುತ್ತದೆ. ಹೀಗೆ ಕೊಟ್ಟ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ಕೊಳೆತು ನಾರುವ ಗಾಯಕ್ಕೆ ಮೆಟ್ರೊನಿಡಜೋಲ್ ಎಂಬ ಸೋಂಕು ನಿವಾರಕ ಮಾತ್ರೆಯನ್ನು ಪುಡಿ ಮಾಡಿ ಉದುರಿಸುತ್ತಾರೆ. ವಾಸನೆ ತಗ್ಗಿದರೆ ಮೊಮ್ಮಕ್ಕಳು ಮತ್ತೆ ಹಾಸಿಗೆಯ ಬಳಿ ಕೂರಬಹುದು. ಇದೇನು ಸಣ್ಣ ಸಂಗತಿಯೇ?

ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್ 1999ರಿಂದ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಒಳರೋಗಿಗಳಾಗಿ ಉಚಿತವಾಗಿ ಆರೈಕೆ ಮಾಡುತ್ತಿದೆ. ಅದರ ತಂಡ ರೋಗಿಗಳ ಮನೆಗೂ ಹೋಗುತ್ತದೆ. ನೋವು ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರೂ ಇದ್ದಾರೆ.

ಚಿಕಿತ್ಸೆಗೆ ರೋಗ ಬಗ್ಗುತ್ತಿಲ್ಲ ಎಂದು ವೈದ್ಯರು ಹೇಳಿದಾಗ, ಪದೇ ಪದೇ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ರಾತ್ರಿಯಿಡೀ ನೋವು ನಿದ್ದೆಗೊಡದಿದ್ದಾಗ, ನೋಡಿಕೊಳ್ಳುವವರೇ ಕುಸಿಯುವಂತಾದಾಗ ಹಾಸ್ಪಿಸ್ ಬಗ್ಗೆ ವೈದ್ಯರನ್ನು ಕೇಳಿ. ಪ್ರಜ್ಞೆ ಇರುವಾಗಲೇ ರೋಗಿಯನ್ನೂ ಕೇಳಿ. ಕೊನೆಯ ದಿನದವರೆಗೆ ಕಾಯಬೇಡಿ.