ಕುಡಿತಕ್ಕೆ ಒಂದು ಬಾಗಿಲು, ಮನಸ್ಸಿಗೆ ಇನ್ನೊಂದು

ನಮ್ಮಣ್ಣ ಕುಡಿಯಲು ಶುರು ಮಾಡಿದ್ದು ಮಜಾ ಮಾಡೋದಕ್ಕಲ್ಲ. ನಿದ್ದೆ ಬರಲಿ ಅಂತ. ರಾತ್ರಿ ಎರಡು ಗಂಟೆಗೆ ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವತು ಎದ್ದು ಕೂರುತ್ತಿದ್ದ. ಹಾರ್ಟ್ ಇರಬೇಕು ಅಂತ ಇಸಿಜಿ ಮಾಡಿಸಿದೆವು. ಏನೂ ಇಲ್ಲ ಅಂದರು. ಒಂದು ಕ್ವಾರ್ಟರ್ ಹಾಕಿದ ದಿನ ಬೆಳಗಿನ ತನಕ ಮಲಗಿದ. ಅಲ್ಲಿಂದ ಅಂಟಿಕೊಂಡಿತು.

ಇದು ನಮಗೆ ಗೊತ್ತಾಗಿದ್ದು ಆರು ವರ್ಷದ ಮೇಲೆ. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎರಡು ಸಲ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸಿದೆವು. ಯೋಗ, ಪ್ರಾರ್ಥನೆ, ಭಾಷಣ. ಕೈ ನಡುಕ ನಿಂತಿತು, ಮೈ ತುಂಬಿಕೊಂಡು ಬಂದ. ಮೂರನೇ ವಾರಕ್ಕೆ ಮತ್ತೆ ಅದೇ ರಾತ್ರಿ ಎರಡು ಗಂಟೆ, ಮತ್ತೆ ಕ್ವಾರ್ಟರ್. ಊರವರು ‘ಇವನಿಗೆ ಬುದ್ಧಿ ಬರಲ್ಲ’ ಅಂದರು. ಮಧ್ಯೆ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರೆ, ‘ಮೊದಲು ಕುಡಿತ ಬಿಟ್ಟು ಬನ್ನಿ, ಆಮೇಲೆ ನೋಡೋಣ’ ಅಂತ ವಾಪಸ್ ಕಳಿಸಿದರು. ಬಿಡೋಕೆ ಆಗದೇ ಇರೋದಕ್ಕೇ ಅಲ್ವಾ ಹೋಗಿದ್ದು?

ಕಾನೂನು ಇವೆರಡನ್ನು ಬೇರೆ ಮಾಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯ ಲೆಕ್ಕದಲ್ಲೇ ಇವೆ. ಆದರೆ ಸರ್ಕಾರದ ಹಣದಲ್ಲಿ ಸಂಸ್ಥೆಗಳು ನಡೆಸುವ ವ್ಯಸನಮುಕ್ತಿ ಕೇಂದ್ರಗಳು ಬರೋದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಕೆಳಗೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇರೋದು ಆರೋಗ್ಯ ಸಚಿವಾಲಯದ ಕೆಳಗೆ. ನಡುವೆ ಅಲೆಯೋದು ಮನೆಯವರು. ಅದೂ ಅಲ್ಲಿಯವರೆಗೆ ಹೋಗೋರೇ ಕಡಿಮೆ. 2019ರಲ್ಲಿ ಬಂದ ಏಮ್ಸ್ ವರದಿ ಪ್ರಕಾರ, ಮದ್ಯದ ಚಟಕ್ಕೆ ಸಿಕ್ಕ ಪ್ರತಿ 38 ಜನರಲ್ಲಿ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ.

ಕೊನೆಗೆ ದಾರಿ ಸಿಕ್ಕಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅಲ್ಲಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಆ ಡಾಕ್ಟರಮ್ಮ ಎಷ್ಟು ಕುಡಿತೀರಿ ಅಂತ ಆಮೇಲೆ ಕೇಳಿದರು. ಮೊದಲು ಕೇಳಿದ್ದು, ‘ಕುಡಿಯೋಕೆ ಮುಂಚೆ ನಿದ್ದೆ ಹೇಗಿತ್ತು?’ ಅಣ್ಣ ಅತ್ತುಬಿಟ್ಟ. ಅವನು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವನಿಗಿದ್ದದ್ದು ಪ್ಯಾನಿಕ್ ತೊಂದರೆ, ಅಂದರೆ ಕಾರಣವಿಲ್ಲದೆ ಏಕಾಏಕಿ ಭಯ ಬಡಿದು ಎದೆ ಹೊಡೆದುಕೊಳ್ಳೋದು. ಡಾಕ್ಟರು ಒಂದು ಮಾತು ಬಿಡಿಸಿ ಹೇಳಿದರು. ಕುಡಿತದಿಂದಲೇ ಬರುವ ಬೇಜಾರು, ಭಯ ಎಷ್ಟೋ ಜನರಿಗೆ ಬಿಟ್ಟ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಮೊದಲಿಂದ ಇದ್ದದ್ದು ಇಳಿಯಲ್ಲ. ಯಾವುದು ಯಾವುದು ಅಂತ ತಿಳಿಯಬೇಕಾದರೆ ಆ ವಾರಗಳಲ್ಲಿ ರೋಗಿಯನ್ನು ನೋಡುತ್ತಾ ಇರಬೇಕು. ಸೆಂಟರ್‌ನಲ್ಲಿ ಅಣ್ಣ ಇದ್ದದ್ದು ಅದೇ ವಾರಗಳಲ್ಲಿ! ನೋಡೋರು ಮಾತ್ರ ಇರಲಿಲ್ಲ.

ಸೆಂಟರ್ ನಡೆಸುವವರಲ್ಲಿ ನಾನು ಕೇಳಿಕೊಳ್ಳೋದು ಇಷ್ಟೇ. ವಾರಕ್ಕೊಮ್ಮೆಯಾದರೂ ಮನೋವೈದ್ಯರನ್ನು ಕರೆಸಿ. ಮನೋವೈದ್ಯರೇ, ಬಾಯಿ ವಾಸನೆ ಬಂತು ಅಂತ ವಾಪಸ್ ಕಳಿಸಬೇಡಿ.

ಮನೆಯವರಿಗೂ ಒಂದು ಮಾತು. ಜಾಸ್ತಿ ಕುಡಿಯುವವರನ್ನು ಏಕಾಏಕಿ ಕೋಣೆಯಲ್ಲಿ ಕೂಡಿ ಹಾಕಿ ಕುಡಿತ ಬಿಡಿಸಬೇಡಿ. ಮೊದಲ ಮೂರ್ನಾಲ್ಕು ದಿನದಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಕಲಸಬಹುದು, ಜೀವವೇ ಹೋಗಬಹುದು. ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸೋದೂ ಬೇಡ. ಅದರ ಮೇಲೆ ಕುಡಿದರೆ ಅಪಾಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಅತ್ತಿಗೆ ಆ ನಂಬರನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದಾರೆ, ಮಂಗಳವಾರಗಳಿಗೆ ಸುತ್ತು ಹಾಕಿ.