ಆ ಮಗು ನಿಧಾನ ಅಲ್ಲ, ಎಲ್ಲಿ ನಿಂತಿದೆ ಅಂತ ನೋಡಿ

ಮಂಡ್ಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಗೋಡೆಗೆ ಈ ವಾರ ಒಂದು ಪಟ್ಟಿ ಅಂಟಿಸಿದ್ದಾರೆ. ಕೆಂಪು ಸ್ಕೆಚ್‌ಪೆನ್ನಲ್ಲಿ ‘ನಿಧಾನಗತಿ ಕಲಿಕೆಯವರು’ ಅಂತ ತಲೆಬರಹ, ಕೆಳಗೆ ಹನ್ನೊಂದು ಹೆಸರು. ನೋಡಿದಾಗಿಂದ ಹೊಟ್ಟೆ ಉರೀತಿದೆ.

ಅದರಲ್ಲಿ ಒಬ್ಬನ ನೋಟ್‌ಬುಕ್ಕು. 502ರಲ್ಲಿ 178 ಕಳೆದು 476 ಅಂತ ಬರೆದಿದ್ದಾನೆ. ಪಕ್ಕದಲ್ಲಿ ಇಂಟು ಮಾರ್ಕು, ಅಷ್ಟೆ. 476 ಎಲ್ಲಿಂದ ಬಂತು ಅಂತ ಯಾರೂ ಕೇಳಿಲ್ಲ. 2ರಲ್ಲಿ 8 ಹೋಗಲ್ಲ, ಅದಕ್ಕೆ 8ರಲ್ಲಿ 2 ಕಳೆದು 6 ಇಟ್ಟ. 0ಯಲ್ಲಿ 7 ಹೋಗಲ್ಲ, 7 ಹಾಗೇ ಉಳೀತು. 5ರಲ್ಲಿ 1 ಹೋದರೆ 4. ಮೂರು ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನ ಕಳೆದಿದ್ದಾನೆ. ನಿಯಮ ತಪ್ಪು, ಆದರೆ ಒಂದು ಕಡೆಯೂ ಬಿಡದೆ ಪಾಲಿಸಿದ್ದಾನೆ. ಇವನು ನಿಧಾನದ ಹುಡುಗ ಹೇಗಾಗ್ತಾನೆ? ಮೂರನೇ ಕ್ಲಾಸಿನ ದಶಕ ಸಹಿತ ವ್ಯವಕಲನದ (ಹತ್ತನ್ನ ಬಿಡಿ ಮಾಡಿ ಕಳೆಯೋದರ) ಹತ್ತಿರ ಇವನನ್ನ ಬಿಟ್ಟು ಬಸ್ಸು ಮುಂದೆ ಹೋಗಿದೆ.

ಸರಿಪಡಿಸೋದು ಕಷ್ಟವಲ್ಲ. ಪೊರಕೆ ಕಡ್ಡಿ ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ ಕೊಟ್ಟು ‘18 ಕಡ್ಡಿ ಕೊಡು’ ಅನ್ನಿ. ಕಟ್ಟು ಬಿಚ್ಚದೆ ಕೊಡೋಕಾಗಲ್ಲ ಅನ್ನೋದು ಅವನ ಕೈಗೇ ತಿಳಿಯುತ್ತೆ. ಅದು ಪಕ್ಕಾ ಆದ ಮೇಲೆ ಆಟದ ನೋಟಲ್ಲಿ 502. ಒಂದು ನೂರನ್ನ ಹತ್ತು ಹತ್ತರ ನೋಟು ಮಾಡಬೇಕು, ಅದರಲ್ಲೊಂದನ್ನ ಮತ್ತೆ ಚಿಲ್ಲರೆ ಮಾಡಬೇಕು. 4 ನೂರು, 9 ಹತ್ತು, 12 ಬಿಡಿ. ನಡುವೆ ಸೊನ್ನೆ ಇದ್ದಾಗ ಎರಡು ಸಲ ಬಿಚ್ಚಬೇಕು, ಮಕ್ಕಳು ಎಡವೋದೇ ಅಲ್ಲಿ. ಕಡ್ಡಿ ಬಿಟ್ಟು ನೇರವಾಗಿ ‘ಪಕ್ಕದ ಮನೆ ಸಾಲ’ ಅಂತ ಬೋರ್ಡ್ ಮೇಲೆ ಹೇಳಿದರೆ ಸಾಲ ಯಾಕೆ, ಎಷ್ಟು ಅನ್ನೋದು ತಲೆಗೆ ಹೋಗಲ್ಲ.

ಓದೋದರಲ್ಲೂ ಇದೇ ಕಥೆ. ‘ಅಕ್ಕಿ’, ‘ಕಬ್ಬು’ ಓದ್ತಾರೆ, ‘ಪುಸ್ತಕ’ದ ವಿಜಾತೀಯ ಒತ್ತಕ್ಷರಕ್ಕೆ ತಡವರಿಸ್ತಾರೆ, ‘ಸೂರ್ಯ’ಕ್ಕೆ ನಿಂತೇಬಿಡ್ತಾರೆ. ಅರ್ಕಾವತ್ತು ಬರೆಯೋದು ‘ಯ’ ಆದಮೇಲೆ, ಉಚ್ಚಾರ ಬರೋದು ‘ಯ’ಗಿಂತ ಮೊದಲು. ಇದನ್ನ ಬಿಡಿಸಿ ಹೇಳಿಕೊಟ್ಟಿರಲ್ಲ. ಇನ್ನು ನಮ್ಮ ಕಡೆ ಮನೆಯಲ್ಲಿ ‘ಹಾಲು’ಗೆ ‘ಆಲು’ ಅಂತಾರೆ, ಮಗು ಉಕ್ತಲೇಖನದಲ್ಲಿ ‘ಆಲು’ ಅಂತಾನೇ ಬರೆಯುತ್ತೆ. ಕ್ಲಾಸು ನಕ್ಕರೆ ಅವತ್ತಿಂದ ಬಾಯಿ ಬಂದ್. ಎಚ್.ಡಿ. ಕೋಟೆ ಹಾಡಿಯ ಜೇನುಕುರುಬ ಮಗುವಿಗೆ, ಆಲೆಮನೆ ಕೆಲಸಕ್ಕೆ ಬಿಹಾರದಿಂದ ಬಂದವರ ಮಗುವಿಗೆ ಪುಸ್ತಕದ ಕನ್ನಡ ಇನ್ನೂ ದೂರ. ಪಟ್ಟಿಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಹೆಸರು, ನಿಧಾನಗತಿ.

‘ಜೂನ್‌ನಲ್ಲಿ ಸೇತುಬಂಧ ಮಾಡ್ತೀವಲ್ಲ’ ಅಂತೀರಿ. ಹೌದು, ಹಿಂದಿನ ತರಗತಿಯ ಕಲಿಕೆ ಸರಿಮಾಡೋ ಆ ಕಾರ್ಯಕ್ರಮದಲ್ಲಿ ಶುರುವಿಗೆ ಪೂರ್ವ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ ಎರಡೂ ಇದೆ. ಆದರೆ ಪ್ರಶ್ನೆ ಓದೋಕೇ ಬರದ ಮಗುವಿಗೆ ಲಿಖಿತ ಪರೀಕ್ಷೆ ಕೊಟ್ಟರೆ ಸೊನ್ನೆ ಬರುತ್ತೆ, ಎಲ್ಲಿ ನಿಂತಿದೆ ಅಂತ ಗೊತ್ತಾಗಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಬಾಯಲ್ಲಿ ಕೇಳಬೇಕು: ಅಕ್ಷರ, ಪದ, ನಾಲ್ಕು ಸಾಲಿನ ಗದ್ಯ, ಸಣ್ಣ ಕಥೆ, ಆಮೇಲೆ ಸಂಖ್ಯೆ, ಕಳೆಯುವುದು, ಭಾಗಾಕಾರ. ಮಗುವಿಗೆ ಹತ್ತು ನಿಮಿಷ. ನಲವತ್ತು ಮಕ್ಕಳಿಗೆ ಏಳು ಗಂಟೆಯೂ ಆಗಲ್ಲ.

‘ಹನ್ನೊಂದು ಮಕ್ಕಳಿಗೋಸ್ಕರ ಉಳಿದವರ ಸಿಲೆಬಸ್ ನಿಲ್ಲಿಸ್ಬೇಕಾ?’ ಇದು ನೂರು ಸಲ ಕೇಳಿದ ಮಾತು. ಯಾರದ್ದೂ ನಿಲ್ಲಿಸೋದು ಬೇಡ. ದಿನಕ್ಕೆ ಒಂದು ಪೀರಿಯಡ್, ತರಗತಿ ಲೆಕ್ಕ ಬಿಟ್ಟು ಮಟ್ಟದ ಲೆಕ್ಕದಲ್ಲಿ ಎಂಟು, ಒಂಬತ್ತರ ಮಕ್ಕಳನ್ನ ಗುಂಪು ಮಾಡಿ. ವಡೋದರಾ, ಮುಂಬೈ ಶಾಲೆಗಳಲ್ಲಿ ಇಂಥದ್ದೇ ಪ್ರಯೋಗ ನಡೆದಿತ್ತು. ಊರಿನದೇ ಒಬ್ಬ ಯುವತಿ ದಿನಕ್ಕೆ ಎರಡು ಗಂಟೆ ಹದಿನೈದಿಪ್ಪತ್ತು ಮಕ್ಕಳನ್ನ ಬೇರೆ ಕೂರಿಸಿ ಮೂಲಪಾಠ ಹೇಳಿಕೊಟ್ಟರು, ಹೆಚ್ಚು ಮೇಲೆದ್ದದ್ದು ಹಿಂದೆ ಬಿದ್ದಿದ್ದ ಮಕ್ಕಳೇ. ಅದನ್ನ ಅಳೆದು ತೋರಿಸಿದವರಲ್ಲಿ ಇಬ್ಬರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಶಿಕ್ಷಕರು ಕಮ್ಮಿ, ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿಯ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಎಲ್ಲ ನಿಜ. ಆದರೂ ಒಂದು ಪೀರಿಯಡ್ ಸಿಗಲ್ಲ ಅಂದರೆ ಒಪ್ಪಲ್ಲ. ಹತ್ತನೇ ಕ್ಲಾಸಲ್ಲಿ ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಸಾಕಾಗುವಷ್ಟು ಆರಿಸಿಟ್ಟ ಪ್ರಶ್ನೋತ್ತರ) ಬಾಯಿಪಾಠ ಮಾಡಿಸೋಕೆ ಸಂಜೆ ಆರರವರೆಗೂ ಟೈಮ್ ಸಿಗುತ್ತಲ್ಲ.

ಬೇಜಾರೇನು ಅಂದರೆ, ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯೋ ನಲಿಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲೇ ಶುರುವಾಗಿದ್ದು. ಕಲಿಕಾ ಏಣಿ, ಕಾರ್ಡು, ಐದು ತಟ್ಟೆ (ಅಂದರೆ ಮಕ್ಕಳ ಐದು ಗುಂಪು). ಕಟಾವಿಗೆ ಹೋದ ಅಪ್ಪ ಅಮ್ಮನ ಜೊತೆ ಮಗು ಹದಿನೈದು ದಿನ ತಪ್ಪಿಸಿಕೊಂಡರೂ, ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿಂದಲೇ ಹತ್ತಬೇಕು ಅನ್ನೋದು ಆ ಏಣಿಯ ಲೆಕ್ಕ. ನಲಿಕಲಿ ಮುಗಿದು ಪಠ್ಯಪುಸ್ತಕ ಕೈಗೆ ಬಂದ ದಿನ ಆ ಏಣಿ ತೆಗೆದಿಟ್ಟುಬಿಡ್ತೀವಿ.

ಮೊದಲು ಆ ಪಟ್ಟಿ ಗೋಡೆಯಿಂದ ಕೀಳಿ. ಹನ್ನೊಂದು ಹೆಸರನ್ನ ಶಿಕ್ಷಕರ ಡೈರಿಗೆ ಬರೆದುಕೊಂಡು, ಒಂದೊಂದರ ಮುಂದೆ ‘ದಶಕ ಬಿಚ್ಚುವುದು’, ‘ವಿಜಾತೀಯ ಒತ್ತಕ್ಷರ’, ‘ಅರ್ಕಾವತ್ತು’ ಅಂತ ನಮೂದಿಸಿ. ಆರು ವಾರಕ್ಕೆ ಮತ್ತೆ ಬಾಯಲ್ಲಿ ಕೇಳಿ, ಗುಂಪು ಬದಲಿಸಿ. ಬದಲಾಗದೆ ಉಳಿದ ಗುಂಪು ಕೊನೆಗೆ ದಡ್ಡರದ್ದು ಅನ್ನಿಸಿಕೊಳ್ಳೋ ‘ಸಿ ಸೆಕ್ಷನ್’ ಆಗುತ್ತೆ.